ಎಡಗಡೆಯ ಕೆಂಪು

ಮಲ್ಪೆಯ ಶಾಲೆ, ಒಂಬತ್ತನೆಯ ತರಗತಿ,
ಊಟ ಮುಗಿದ ಮೇಲಿನ ನಿದ್ದೆಯ ಪೀರಿಯಡ್ಡು.
ಕಿಟಕಿಯಾಚೆ ಬಂದರಿನ ಐಸ್ ಮಿಲ್ಲು
ಗಡಗಡ ಹಲ್ಲು ಕಡಿಯುತ್ತಿತ್ತು.
ಎಮಿಲ್ಡಾ ಟೀಚರ್ ಬೋರ್ಡಿನಲ್ಲಿ ಬರೆದರು:
ಸೆಲೆನಿಯಂ.

'ಸೆಲೆ ಅಂದರೆ ಒರತೆಯಲ್ವಾ ಟೀಚರ್?'
ಕೇಳಿದ್ದು ನಾನೇ. ತಪ್ಪು ಹೇಳಲು ಸದಾ ಮುಂದು.
'ಕೇಳಲು ಚಂದವೇ. ಆದರೆ ಇದು ಗ್ರೀಕರ ಮಾತು,
ಸೆಲೀನೆ ಅಂದರೆ ಚಂದ್ರ, ನಮ್ಮ ತಿಂಗಳು.'

ಇಡೀ ಕ್ಲಾಸು ಹಿಂದಿನ ಬೆಂಚಿಗೆ ತಿರುಗಿತು,
ಧನಪಾಲ ತಿಂಗಳಾಯನ ಕಡೆಗೆ.
ಆ ಗಳಿಗೆಯಿಂದ ಅವನು ಸೆಲೆನಿಯಂ.
ಹೆಸರಿಟ್ಟದ್ದೂ ನಾನೇ.

ಪರಮಾಣುವಿನ ಹೊರಜಗಲಿಯಲ್ಲಿ
ಎಂಟು ಮಣೆ ಹಾಕಿದೆ, ಕೂತವರು ಆರು ಎಲೆಕ್ಟ್ರಾನು.
ಎರಡು ಖಾಲಿ ಮಣೆ ಇರುವಷ್ಟು ಹೊತ್ತು
ಈ ಮನೆಗೆ ಸಮಾಧಾನವಿಲ್ಲ.
ಸೋಡಿಯಂ ಬಂದರೆ ಕೊಡುವುದು ಒಂದೊಂದೇ,
ಅದಕ್ಕೇ ಇಬ್ಬರು ಬೇಕು.
ಸತುವಾದರೆ ಒಬ್ಬನೇ ಸಾಕು,
ಎರಡನ್ನೂ ಕೊಟ್ಟು ಪಕ್ಕದಲ್ಲೇ ನಿಲ್ಲುತ್ತದೆ.
ಮಣೆ ತುಂಬಿತೋ, ಹೆಸರು ಬದಲು:
ಸೆಲೆನೈಡ್.
ತಲೆಯ ಬಲಮೂಲೆಯಲ್ಲಿ ಎರಡು ಋಣ.

'ಪಡೆದವನಿಗೆ ಋಣ, ಕೊಟ್ಟವನಿಗೆ ಧನ,
ಲೆಕ್ಕ ಬರೆದವರಿಗೆ ಬದುಕು ಗೊತ್ತಿತ್ತು ಮಕ್ಕಳೇ,'
ಅಂದು ಟೀಚರ್ ಕೈಯ ಸುಣ್ಣ ಊದಿದರು.

ಆ ಋಣವನ್ನು ಅದು ಬಿಗಿಯಾಗಿ ಹಿಡಿಯಲಾರದು;
ಗಾಳಿಗೆ ಬಿಟ್ಟರೆ ಹಸಿದ ಆಮ್ಲಜನಕ,
ಅದೇ ಸಾಲಿನ ಮೇಲ್ಮನೆಯ ಅಕ್ಕ, ಕಿತ್ತುಕೊಳ್ಳುತ್ತಾಳೆ.
ತಿಳಿನೀರಿನಲ್ಲಿ ಕೆಂಪು ಪುಡಿ ಇಳಿಯುತ್ತದೆ.
ಆಮ್ಲ ಬಿತ್ತೋ, ಹೈಡ್ರೋಜನ್ ಜತೆ ಸೇರಿ
ಕೊಳೆತ ಮೂಲಂಗಿಯ ನಾತದ ವಿಷಗಾಳಿ.
'ಇದನ್ನು ನಾವು ಮಾಡುವುದಿಲ್ಲ, ಮೂಸುವುದೂ ಇಲ್ಲ.
ಅದು ಮೊದಲು ಮಲಗಿಸುವುದೇ ಮೂಗನ್ನು.'

ನಾತ ಅಂದದ್ದೇ ಸಾಕಾಯಿತು,
ಮತ್ತೆ ಹಿಂದಿನ ಬೆಂಚಿನತ್ತ ಕಿಸಕಿಸ.
ಬೆಳಗಿನ ನಾಲ್ಕಕ್ಕೆ ಅಪ್ಪನ ಬೋಟಿನಿಂದ
ಬುಟ್ಟಿ ಇಳಿಸಿ ಬರುತ್ತಿದ್ದವನು ಅವನು.
ಆ ಕೈಗೆ ಸಾಬೂನು ಸೋತಿತ್ತು.

ಟೀಚರ್ ನಗಲಿಲ್ಲ.
'ದೊಡ್ಡ ಕೇದರೆ ಮೀನು ಕಂಡಿದ್ದೀಯಲ್ಲ, ಧನಪಾಲ?
ಅದರ ಮೈಗೆ ಕಡಲಿನ ಪಾದರಸ ಸೇರುತ್ತದೆ.
ಸೆಲೆನಿಯಮ್ಮೂ ಅಲ್ಲೇ ಉಂಟು.
ಎರಡೂ ಸೇರಿದಲ್ಲಿ ಬಿಚ್ಚಲಾಗದ ಗಂಟು,
ನೀರಿಗೆ ಕರಗದ ಕಪ್ಪು ಕಾಳು.
ಅಲೆಯುವ ವಿಷ ಕಾಲು ಕಟ್ಟಿ ಕೂರುತ್ತದೆ.
ಎಲ್ಲ ಅಲ್ಲ. ಸ್ವಲ್ಪ.'
ಸ್ವಲ್ಪವನ್ನು ಎಲ್ಲ ಅಂದವರಲ್ಲ
ಎಮಿಲ್ಡಾ ಟೀಚರ್, ಯಾವತ್ತೂ.

ಮಾರನೆಯ ದಿನ ಅವನು
ಪತ್ರಿಕೆಯ ಹಾಳೆಯಲ್ಲಿ ಸುತ್ತಿ ತಂದ,
ಅಜ್ಜನ ಬೋಟಿನ ಎಡಗಡೆಯ ದೀಪದ ಗಾಜು.
ಟೀಚರ್ ಬಿಸಿಲಿಗೆ ಹಿಡಿದರು:
'ಹೆಂಚಿನ ಕೆಂಪು ಕಬ್ಬಿಣದ್ದು. ಇದು ಬೇರೆ.
ಹಳೆಯ ಗಾಜು, ಒಳಗೆ ಕ್ಯಾಡ್ಮಿಯಂ ಇರಬಹುದು,
ಗಂಧಕ ಇರಬಹುದು, ಜತೆಗೆ ನಿನ್ನ ಚಂದ್ರ.
ಕಣ್ಣಿಗೆ ಕಾಣದಷ್ಟು ಸಣ್ಣ ಸೆಲೆನೈಡ್ ಕಾಳು,
ಕತ್ತಲಲ್ಲಿ ಎದುರಿನ ಬೋಟಿಗೆ ಹೇಳುತ್ತಿತ್ತು
ಇವರ ಎಡ ಯಾವುದು ಅಂತ.'

ಗಾಜು ಬೆಂಚಿನಿಂದ ಬೆಂಚಿಗೆ ದಾಟಿತು.
ನನ್ನ ಸರದಿಗೆ ಬಂದಾಗ
ಐಸ್ ಮಿಲ್ಲು ಕೆಂಪು, ಕಾಗೆ ಕೆಂಪು,
ಧನಪಾಲನ ಅಂಗಿ ಕೆಂಪು.
ಗಾಜಿಗೆ ಮೀನಿನ ವಾಸನೆಯಿತ್ತು.
ಸ್ವಲ್ಪ ಹೆಚ್ಚೇ ಹೊತ್ತು ಹಿಡಿದುಕೊಂಡೆ,
ಆಮೇಲೆ ಹೆಸರು ಹಿಡಿದು ಕರೆದೆ,
ಅಪ್ಪ ಅಮ್ಮ ಇಟ್ಟ ಹೆಸರು.