ಐದು ಸಲ ಮೂವತ್ತೆಂಟು

ಜೆಪರಿಟ್ಟಿನಿಂದ ನಿಲ್ ಊರಿಗೆ ಮೂವತ್ತೆಂಟು ಕಿಲೋಮೀಟರು.
ಎರಡೂ ಕಡೆ ತೆನೆಗೆ ಬಂದ ಗೋಧಿ,
ನಡುವೆ ಡಾಂಬರು, ಡಾಂಬರಿನ ಮೇಲೆ
ಬೆಚ್ಚಗಿದೆಯೆಂದು ಬಂದು ನಿಲ್ಲುವ ಕಾಂಗರೂ.
ಈ ದಾರಿಯ ಒಂದೊಂದು ಮರವೂ ನನಗೆ ಗೊತ್ತು,
ಯಾವುದಕ್ಕೆ ಯಾರು ಗುದ್ದಿದರೆಂಬ ಲೆಕ್ಕದಲ್ಲಿ.
ಇಪ್ಪತ್ತೆರಡು ವರ್ಷದಿಂದ ಟೋ ಟ್ರಕ್ಕು ಓಡಿಸುತ್ತೇನೆ.

ಮಗಳ ಕಾರಿಗೆ ಕೆಂಪು ‘ಪಿ’ ಅಂಟಿಸಿ ಹತ್ತೊಂಬತ್ತು ದಿನ.
ಅದಕ್ಕೂ ಮೊದಲು ನೂರಿಪ್ಪತ್ತು ಗಂಟೆ
ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕು ಒತ್ತಿ ಒತ್ತಿ
ನನ್ನ ಬಲಗಾಲಡಿಯ ಮ್ಯಾಟು ಸವೆದಿದೆ.
ಗಂಟೆಯ ಪುಸ್ತಕಕ್ಕೆ ಕೊನೆಯ ಸಹಿ ಹಾಕುವಾಗ ನಡುಗಿದಷ್ಟು
ಮದುವೆಯ ದಿನವೂ ಕೈ ನಡುಗಿರಲಿಲ್ಲ.

ಶನಿವಾರ ರಾತ್ರಿ, ನೆಟ್‌ಬಾಲಿನವರ ಬಹುಮಾನದೂಟ.
ಎಲ್ಲರನ್ನೂ ಕರೆತರಬೇಕಿದ್ದ ಕ್ರೈಟನ್
ಮೂರನೇ ಬಿಯರಿಗೇ ಹಾಡಲು ನಿಂತನಂತೆ.
ಉಳಿದವರು ಪಾ ವಾ, ಟ್ಯಾಮ್ಸಿನ್, ಉದ್ದಕಾಲಿನ ಫರ್ಗಸ್.
ಕೆಂಪು ‘ಪಿ’ಗೆ ಓರಗೆಯವರು ಒಬ್ಬರೇ, ಇನ್ನೊಬ್ಬರು ಹತ್ತುವಂತಿಲ್ಲ.
“ಅಮ್ಮಾ, ಒಬ್ಬೊಬ್ಬರನ್ನೇ ತರ್ತೀನಿ.”
“ನಾನು ಬರಲಾ?”
“ಬೇಡ. ನಿನ್ನ ಟ್ರಕ್ಕು ಹತ್ತೋಕೆ ಯಾರಿಗೂ ಇಷ್ಟ ಇಲ್ಲ.”

ಹುಲಿ, ಮೇಕೆ, ಹುಲ್ಲಿನ ಹೊರೆ, ಒಂದೇ ದೋಣಿ.
ಆದರೆ ಇವರಲ್ಲಿ ಹುಲಿ ಯಾರು?
ಪಾ ವಾ, ಬಾತುಕೋಳಿ ಕಾರ್ಖಾನೆಯ ಪಾಳಿ ಮುಗಿಸಿ
ಅದೇ ಬೂಟಿನಲ್ಲಿ ಆಟಕ್ಕೆ ಬರುವವಳು.
ಫರ್ಗಸ್, ತುಳಿದ ಇರುವೆಗೂ ಸಾರಿ ಹೇಳುವವನು.
ಒಬ್ಬೊಬ್ಬರೇ ಕೂತರೆ ಎಲ್ಲರೂ ಮೇಕೆ.
ನಾಲ್ವರೂ ಕೂತು ಬಾಗಿಲು ಹಾಕಿಕೊಂಡರೆ
ಹಿಂದಿನ ಸೀಟಿನಿಂದ ಏಳುತ್ತದೆ ಅದು,
ಯಾರ ಮನೆಯದೂ ಅಲ್ಲದ ಹುಲಿ.
ತಿಂದು ಹೋದ ಮೇಲೆ ಉಳಿದದ್ದನ್ನು
ಎಳೆದು ತರುವವಳು ನಾನು.

ಹತ್ತೂವರೆಗೆ ಪಾ ವಾ.
ನಮ್ಮ ಮನೆಯ ಮುಂದೆ ದೀಪ ಮಿಟುಕಿಸಿ ಕಾರು ಮತ್ತೆ ತಿರುಗಿತು.
ಹನ್ನೊಂದೂವರೆಗೆ ಟ್ಯಾಮ್ಸಿನ್. ಮತ್ತೆ ಮಿಟುಕು.
ಕಾನೂನು ಬರೆದವರೇ, ಸರಿಯಾಗಿಯೇ ಬರೆದಿದ್ದೀರಿ,
ಒಪ್ಪುತ್ತೇನೆ. ಆದರೂ ಕೂಡಿ ನೋಡಿ:
ಮೂವತ್ತೆಂಟರಲ್ಲಿ ಮುಗಿಯುತ್ತಿದ್ದದ್ದು ಈಗ ನೂರ ತೊಂಬತ್ತು,
ಒಂದೇ ರಾತ್ರಿಯಲ್ಲಿ ಕಾಂಗರೂಗೆ ಐದು ಅವಕಾಶ.
ಇದರಲ್ಲಿ ಎರಡು ಸಲ ಖಾಲಿ ಕಾರು, ಅವಳೊಬ್ಬಳೇ.

ಹನ್ನೆರಡೂವರೆ.
ಹನ್ನೆರಡೂ ಮುಕ್ಕಾಲು.

ಟೋ ಫೋನು ಹೊಡೆದುಕೊಂಡಿತು.
ಎತ್ತುವ ಮುಂಚೆ ನಾನು ಎಷ್ಟು ಮರ ಎಣಿಸಿದೆನೋ.
ಕ್ರೈಟನ್! ಮೂವತ್ತು ವರ್ಷದ ಪೂರ್ಣ ಲೈಸೆನ್ಸು,
ಗಾಡಿ ಕ್ಲಬ್ಬಿನ ಗುಲಾಬಿ ಪಾತಿ ಹತ್ತಿದೆಯಂತೆ.
ಬೈಯಲು ಬಾಯಿ ತೆರೆದೆ. ಅಳು ಬಂತು. ಬೀದಿಯಲ್ಲಿ ಬೆಳಕೂ ಬಂತು.

ಒಳಗೆ ಬಂದವಳು ಬಾಟಲಿಯಿಂದಲೇ ಹಾಲು ಗಟಗಟ ಕುಡಿದು
“ಪೆಟ್ರೋಲು ನಿನ್ನ ಲೆಕ್ಕದಲ್ಲಿ” ಅಂದಳು.
ಟ್ರಕ್ಕಿನ ಕೀಲಿ ನನ್ನ ಕೈಯಲ್ಲಿ ಕಂಡು
ಏನೂ ಕೇಳದೆ ಬಂದು ಪಕ್ಕದಲ್ಲಿ ಹತ್ತಿ ಕೂತಳು.
ಮೂರನೇ ಕಿಲೋಮೀಟರಿಗೇ ಗಾಢ ನಿದ್ದೆ.
ತಿರುವು ಬಂದಾಗ ನೋಡಿದೆ, ಅವಳ ಬಲಗಾಲು
ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.