ಹೆಪ್ಪು

ದನ ಮನೆಗೆ ತಿರುಗುವ ಹೊತ್ತಿಗೆ ಹುಟ್ಟಿದವಳೆಂದು
ನನಗೆ ಜೆರೊಟಿಚ್ ಅಂತ ಹೆಸರಿಟ್ಟರು.
ಅಂಥವಳು, ನೀನು ಹುಟ್ಟುವ ಹೊತ್ತಿಗೆ
ಮಲಗಿಬಿಟ್ಟಿದ್ದೆ.

ಕಪ್ಸಬೆಟ್ಟಿನಾಚೆಯ ಗುಡ್ಡದಲ್ಲಿ ಹಗಲೆಲ್ಲ ಚಹದೆಲೆ ಕಿತ್ತ ಮೈ
ರಾತ್ರಿ ಯಾರ ಮಾತೂ ಕೇಳುವುದಿಲ್ಲ.
ಎದ್ದು ಬಂದರೆ, ನಿನ್ನ ತಾಯಿ ನೆಕ್ಕಿ ನೆಕ್ಕಿ ನಿನ್ನನ್ನು ಒಣಗಿಸಿದ್ದಳು.
ನೀನು ಕೆಚ್ಚಲು ಸಿಗದೆ
ಗೋಡೆಯ ಮಣ್ಣು ಚೀಪುತ್ತಿದ್ದೆ.
ಗಿಣ್ಣು ಕರೆದು ಕುಡಿಸಿದೆ, ಆರು ತಾಸು ತಡವಾಗಿ.

ಕರುಳಿಗೂ ಒಂದು ಬಾಗಿಲುಂಟಂತೆ.
ಮೊದಲ ದಿನವೇ ಅದು ತಾಸಿಗಿಷ್ಟು ತಾಸಿಗಿಷ್ಟು
ಮುಚ್ಚುತ್ತ ಹೋಗುತ್ತದಂತೆ.
ಇದನ್ನು ಔಷಧದಂಗಡಿಯ ಕಿಮೆಲಿ ಹೇಳಿದ
ಆಮೇಲೆ,
ನನಗೆ ಚಿಲ್ಲರೆ ಎಣಿಸಿ ಕೊಡುತ್ತ.

ನಾಲ್ಕನೆಯ ದಿನ ನಿನ್ನ ಬಾಲ ಹಸಿಯಾಯಿತು.
ಮೊದಲು ಹಳದಿ, ಆಮೇಲೆ ಬಿಳಿ, ಆಮೇಲೆ ಬರೀ ನೀರು.
ಕಣ್ಣು ಗುಳಿಬಿತ್ತು. ಕತ್ತಿನ ಚರ್ಮ ಚಿವುಟಿ ಬಿಟ್ಟರೆ
ಮಡಿಚಿಟ್ಟ ಬಟ್ಟೆಯ ಹಾಗೆ ನಿಂತೇ ಇರುತ್ತಿತ್ತು.
ಹೆದರಿದೆ.
ಎರಡು ಹೊತ್ತು ಅಂದ ಪುಡಿಯನ್ನು ನಾಲ್ಕು ಹೊತ್ತು ಮಾಡಿದೆ.
ಬಕೆಟ್ಟು ತೊಳೆದೆ, ನೆಲ ತೊಳೆದೆ,
ನಿನ್ನ ಹೊಟ್ಟೆಯನ್ನೂ ತೊಳೆದುಬಿಟ್ಟೆ,
ಒಬ್ಬ ಕಳ್ಳನನ್ನು ಹಿಡಿಯಲು ಹೋಗಿ
ಊರಿಗೂರೇ ಎಬ್ಬಿಸಿ ಓಡಿಸಿದ ಹಾಗೆ.

ಆ ಶನಿವಾರ ಸೋರೆಬುರುಡೆಗೆ ಮಸಿ ಹಿಡಿಸುವ ದಿನ.
ಸೆನೆಟ್ವೆಟ್ ಕೊಂಬೆಯ ಕೆಂಡ ಒಳಗಿಳಿಸಿ
ಉದ್ದ ಕುಂಚದಲ್ಲಿ ಒಳಮೈಯೆಲ್ಲ ಉಜ್ಜಬೇಕು,
ಕಾಯಿಸಿ ಆರಿಸಿದ ಹಾಲು ಸುರಿದು ಬಾಯಿ ಮುಚ್ಚಬೇಕು.
ಬೇರೆ ಹೆಪ್ಪು ಹಾಕುವುದಿಲ್ಲ ನಾವು.
ಬುರುಡೆಗೆ ನೆನಪಿರುತ್ತದೆ.
ವಾರ ಬಿಟ್ಟು ತೆರೆದರೆ ಮುರ್ಸಿಕ್:
ಬೂದಿಗೆರೆಯ, ಹೊಗೆವಾಸನೆಯ, ನಾಲಗೆ ಚುರ್ರೆನ್ನಿಸುವ ಹಾಲು.

ಈ ಮನೆಗೆ ಹೊಸದಾಗಿ ಬಂದಾಗ
ಆ ಬುರುಡೆಯನ್ನು ನಾನು ಸೋಪು ಹಾಕಿ ತಿಕ್ಕಿದ್ದೆ.
ಹಾಲು ಹುಳಿಯಲಿಲ್ಲ, ಕೊಳೆಯಿತು.
ಅತ್ತೆ ತಾಪ್ಸುಬೇಯ್ ಬೈಯಲಿಲ್ಲ.
ನಾರುವ ಬುರುಡೆಯನ್ನು ತಂದು
ನನ್ನ ಮಡಿಲಲ್ಲಿಟ್ಟು, ಜೋಳ ಬಿಡಿಸಲು ಹೋದರು.

ಅದು ನೆನಪಾದದ್ದೇ
ಮಸಿಗೈಯಲ್ಲೇ ಎದ್ದು ನಿನ್ನ ಹತ್ತಿರ ಓಡಿದೆ.

ಪುಡಿ ನಿಲ್ಲಿಸಿದೆ.
ಬೆಚ್ಚನೆ ನೀರಿಗೆ ಉಪ್ಪು, ಸಕ್ಕರೆ. ಗುಟುಕು, ಮತ್ತೆ ಗುಟುಕು,
ನಿನ್ನ ನಾಲಗೆ ನನ್ನ ಬೆರಳನ್ನು ಸುತ್ತಿಕೊಳ್ಳುವ ತನಕ.
ನಡುನಡುವೆ ತಾಯಿಯ ಹಾಲು, ಬೊಗಸೆಯಷ್ಟೇ.
ಆಮೇಲೆ ಮುದಿ ಹಸುವಿನ ದವಡೆಗೆ ಕೈ ಹಾಕಿ
ಅದು ನಿಧಾನ ಮೆಲುಕು ಹಾಕುತ್ತಿದ್ದ ತುತ್ತನ್ನು
ಕಿತ್ತುಕೊಂಡೆ.
ಅದು ನನ್ನನ್ನು ನೋಡಿದ ನೋಟ!
ತಟ್ಟೆಯಿಂದ ತುತ್ತು ಕದಿಯುವ ಮಗುವನ್ನಾದರೂ ಹೊಡೆಯಬಹುದು.
ಹಸಿರು ಮುದ್ದೆ, ಬಿಸಿ, ಹುಳಿನಾತ.
ಎಷ್ಟು ಸಾವಿರ ಮನೆ, ಎಷ್ಟು ಒಲೆ
ಆ ಒಂದು ಹಿಡಿಯಲ್ಲಿ!
ನಿನ್ನ ನಾಲಗೆಯ ಬುಡಕ್ಕೆ ಸವರಿದೆ.

"ಅದರಿಂದ ಏನಾಗುತ್ತದೆ?" ಅಂದ ಕಿಮೆಲಿ.
"ಗೊತ್ತಿಲ್ಲ" ಅಂದೆ.
"ನನಗೂ ಪೂರ್ತಿ ಗೊತ್ತಿಲ್ಲ" ಅಂದ,
ಮೊದಲ ಸಲ ದುಡ್ಡು ಕೇಳದೆ.

ಇವತ್ತಿಗೆ ಹನ್ನೊಂದು ದಿನ.
ನಸುಕಿನಲ್ಲಿ ಟಾರ್ಚು ಹಿಡಿದು ನಿನ್ನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದೇನೆ.
ತೋಟದ ಲಾರಿ ರಸ್ತೆಯಲ್ಲಿ ಹಾರನ್ನು ಹೊಡೆಯುತ್ತಿದೆ.
ಹೊಡೆಯಲಿ.
ಬಾಲ ಎತ್ತಿದೆ. ಬೆನ್ನು ಬಾಗಿಸಿದೆ.
ಬಿತ್ತು:
ಕಂದು, ಗಟ್ಟಿ, ಹಬೆಯಾಡುವ ಒಂದು ಸಣ್ಣ ಮುದ್ದೆ.
ಮದುವೆಯ ದಿನ ಬಳೆಯನ್ನೂ ನಾನು
ಇಷ್ಟು ಹೊತ್ತು ನೋಡಿರಲಿಲ್ಲ.

ತಡವಾಗಿ ಎದ್ದದ್ದು, ಹೆದರಿ ಹೆಚ್ಚು ಸುರಿದದ್ದು,
ಎಲ್ಲ ಹೊಟ್ಟೆಗೆ ಹಾಕಿಕೋ, ಮಗಳೇ.
ಈಗ ಅಲ್ಲಿ ಜನ ಇದ್ದಾರೆ.
ಅರಗಿಸುತ್ತಾರೆ.