ಅಗಲುವ ಕ್ರಿಯಾಪದಗಳು

ಟೈರ್ ಅಂಗಡಿಯ ಮೇಲಿನ ಕೋಣೆ.
ಕೆಳಗೆ ನಟ್ಟು ಬಿಚ್ಚುವ ಯಂತ್ರ ಗಿರ್ರೆಂದಾಗಲೆಲ್ಲ
ನಮ್ಮ ವ್ಯಾಕರಣ ನಿಲ್ಲುತ್ತದೆ.
ಪ್ರಿಜ್ರೆನ್ನಿನಲ್ಲಿ ಸಂಜೆ ಆರೂವರೆ,
ಹನ್ನೊಂದು ಹೆಂಗಸರು, ಹನ್ನೊಂದು ನೋಟ್‌ಬುಕ್ಕು.
ಎಲ್ಲರ ಗಂಡಂದಿರೂ ಜರ್ಮನಿಯಲ್ಲಿ.
ಒಬ್ಬ ಗಾರೆಯವನು, ಒಬ್ಬ ಬೇಕರಿಯವನು,
ಇನ್ನೊಬ್ಬ ಏನು ಮಾಡುತ್ತಾನೆಂದು
ಅವಳು ಹೇಳುವುದಿಲ್ಲ, ನಾನು ಕೇಳುವುದಿಲ್ಲ.

ನಾನು ಮೇಷ್ಟ್ರು. ಈ ಭಾಷೆ ಕಲಿತದ್ದು
ಅಲ್ಲಿನ ನಿರಾಶ್ರಿತರ ಹಾಸ್ಟೆಲಿನಲ್ಲಿ, ಏಳು ಚಳಿಗಾಲ.
ಎಂಟನೆಯದು ಬರುವ ಮೊದಲೇ ವಿಮಾನ ಹತ್ತಿಸಿ ಕಳಿಸಿದರು.
ಚೀಲ ತಡಕಿದರು, ಬೂಟು ಬಿಚ್ಚಿಸಿದರು,
ನಾಲಿಗೆಯನ್ನು ಮಾತ್ರ ಯಾರೂ ತಪಾಸಣೆ ಮಾಡಲಿಲ್ಲ.
ಅದರ ಮೇಲಿದ್ದದ್ದನ್ನೇ ಈಗ
ತಿಂಗಳಿಗೆ ಎಪ್ಪತ್ತು ಯೂರೋಗೆ ಮಾರುತ್ತೇನೆ.

ಎರಡನೇ ಬೆಂಚಿನಲ್ಲಿ ಮಿಹಾನೆ.
ಮದುವೆಯಾಗಿ ನಾಲ್ಕು ಆಗಸ್ಟ್ ಆಯಿತು.
ಇಲ್ಲಿ ಸಂಸಾರದ ವಯಸ್ಸನ್ನು ಆಗಸ್ಟಿನಲ್ಲೇ ಎಣಿಸುತ್ತೇವೆ:
ಆ ತಿಂಗಳು ಜರ್ಮನಿಯ ನಂಬರಿನ ಕಾರುಗಳು
ಬೀದಿ ತುಂಬ, ಹಾರ್ನು ತುಂಬ;
ಸೆಪ್ಟೆಂಬರಿಗೆ ಉಳಿಯುವುದು
ಕೆಂಪು ಮೆಣಸಿನಕಾಯಿ ಸುಡುವ ಹೊಗೆ.

ಗಂಡ ಝೆನೆಲ್, ಉಲ್ಮಿನಲ್ಲಿ ಛಾವಣಿಗೆ ಹೆಂಚು ಹೊದಿಸುತ್ತಾನೆ.
ಅವನು ಕಳಿಸಿದ ಹಣ ಬರುತ್ತದೆ, ಯಾರೂ ತಡೆಯುವುದಿಲ್ಲ.
ಅಲ್ಲಿನ ನಾಣ್ಯವೇ ಇಲ್ಲೂ ನಡೆಯುತ್ತದೆ,
ನಾಣ್ಯಕ್ಕೆ ಪರೀಕ್ಷೆಯಿಲ್ಲ.
ಹೆಂಡತಿಗಿದೆ. ನೂರಕ್ಕೆ ಅರವತ್ತು ತಂದರೆ ಮಾತ್ರ
ಅವನ ಮಂಚದ ಇನ್ನೊಂದು ಮಗ್ಗುಲು.

ಮೊದಲ ಸಲ ಐವತ್ತೊಂದು.
ಎರಡನೇ ಸಲ ಐವತ್ತೇಳು.
ಮೂರು ಅಂಕ, ಅಂದರೆ ಒಂದು ಕಿಟಕಿ.
ಅವಳ ಚೀಟಿಯಲ್ಲಿ ಕಿಟಕಿಯ ಚಿತ್ರ ಬಂದಿತ್ತು.
'ದಯವಿಟ್ಟು ತೆರೆಯುತ್ತೀರಾ' ಎಂದು ಕೇಳಬೇಕಿತ್ತು.
ಎದ್ದುಹೋಗಿ ತಾನೇ ತೆರೆದು ಬಂದಳು.
"ಯಾರನ್ನಾದರೂ ಯಾಕೆ ಬೇಡಬೇಕು ಮೇಷ್ಟ್ರೇ,
ನನಗೇನು ಕೈಯಿರಲಿಲ್ಲವೇ?"

ಪುಸ್ತಕದಲ್ಲಿ ಹಲ್ಲಿನ ಡಾಕ್ಟರ ಬಳಿ ಹೋಗುವ ದಿನ ಬದಲಿಸುವುದಿದೆ,
ಅರ್ಧ ಕಿಲೊ ಟೊಮೆಟೊ ಇದೆ,
ಮೇಲ್ಮನೆಯವರ ಗದ್ದಲದ ಬಗ್ಗೆ ದೂರು ಇದೆ.
ರಾತ್ರಿ ಫೋನಿನ ಗಾಜಿಗೆ ಕೆನ್ನೆಯೊತ್ತಿ
ಮಾತಿಲ್ಲದೆ ಕೂತವನಿಗೆ ಏನನ್ನಬೇಕು?
ಅದು ಮುಂದಿನ ಹಂತದಲ್ಲಿ ಇರಬಹುದು, ಅಂದೆ.
ಯಾರೂ ನಗಲಿಲ್ಲ.

ಇವತ್ತಿನ ಪಾಠ: ಅಗಲುವ ಕ್ರಿಯಾಪದ.
ಬೋರ್ಡಿನ ಮೇಲೆ ಬರೆದೆ, ಆನ್‌ಕೊಮೆನ್,
ಬಂದು ಸೇರುವುದು.
ನಿಘಂಟಿನಲ್ಲಿ ಒಂದೇ ಪದ, ಒಟ್ಟಿಗೇ ಮಲಗಿರುತ್ತದೆ.
ವಾಕ್ಯಕ್ಕೆ ಎಳೆದಿರೋ, ಎರಡಾಯಿತು:
'ಕೊಮೆ' ಇಲ್ಲೇ, ಮೊದಲಲ್ಲೇ ನಿಲ್ಲುತ್ತದೆ;
'ಆನ್' ಮಾತ್ರ ಆ ಕೊನೆಗೆ ಹೋಗಿ ಕಾಯುತ್ತದೆ.
ನಡುವೆ ಏನನ್ನು ಬೇಕಾದರೂ ತುಂಬಬಹುದು.
ಸೋಮವಾರ, ಎಂದೆ ಉದಾಹರಣೆಗೆ.
ಹೆಂಗಸರು ತಾವೇ ತುಂಬತೊಡಗಿದರು:
ಸಂಬಳದ ಚೀಟಿ, ಬಾಡಿಗೆಮನೆಯ ಚದರ ಮೀಟರು,
ರಾಯಭಾರ ಕಚೇರಿಯ ಹದಿನಾಲ್ಕು ತಿಂಗಳ ಸರದಿ,
ಮದುವೆಯ ಫೋಟೋದಲ್ಲಿ ಅತ್ತೆ ಯಾಕೆ ನಗುತ್ತಿಲ್ಲ
ಎಂಬ ಅಧಿಕಾರಿಯ ಪ್ರಶ್ನೆ.
ಯಾರೋ ಮೆಲ್ಲಗೆ, ಕಳೆದುಹೋದ ಬಸಿರು, ಅಂದರು.
ಯಂತ್ರ ಗಿರ್ರೆಂದಿತು. ನಿಂತಿತು.

"ಎಷ್ಟು ಉದ್ದ ಇರಬಹುದು ಮೇಷ್ಟ್ರೇ, ಒಂದು ವಾಕ್ಯ?"
ನಿಯಮವಿಲ್ಲ, ಅಂದೆ.
ಮಿಹಾನೆ ಹಾಳೆಯ ಮೇಲಿನ ಮೂಲೆಯಲ್ಲಿ 'ಕೊಮೆ' ಬರೆದಳು,
ಕೆಳಗಿನ ಮೂಲೆಯಲ್ಲಿ 'ಆನ್'.
ನಡುವಿನ ಬಿಳಿಯನ್ನು ನೋಡುತ್ತ ಪೆನ್ಸಿಲ್ ಕಚ್ಚಿದಳು.

ಆಮೇಲೆ, ಕೂತಲ್ಲಿಂದ ಏಳದೆ,
ಬಾಗಿಲ ಮೇಲಿನ ಗಡಿಯಾರಕ್ಕೆ ಹೇಳುವವಳಂತೆ,
ಜರ್ಮನ್‌ನಲ್ಲಿ ಶುರುಮಾಡಿದಳು.
ದಯವಿಟ್ಟು ಬಂತು. ನೀವು ಬಂತು. ಕಿಟಕಿ ಬಂತು,
ಸರಿಯಾದ ಲಿಂಗದಲ್ಲೇ ಬಂತು.
ಕೊನೆಯ ಚೂರೊಂದು ಬಾಕಿ.
ಹತ್ತು ಪೆನ್ಸಿಲುಗಳು ಅಲುಗಲಿಲ್ಲ.
'ಔಫ್,' ಅಂದಳು.

ಕಿಟಕಿ ಆಗಲೇ ತೆರೆದಿತ್ತು,
ಮೆಣಸಿನಕಾಯಿಯ ಹೊಗೆ ಒಳಗೇ ಇತ್ತು.
ನಾನು ಎದ್ದುಹೋಗಿ ಅದನ್ನು ಮುಚ್ಚಿದೆ,
ಮತ್ತೆ ತೆರೆದೆ.